ಪರದೆಯ ಮೇಲಿನ ಶತ್ರು: ಐತಿಹಾಸಿಕ ಸಾಹಸಚಿತ್ರಗಳು ಮತ್ತು ಶ್ರಾವಕನ ಸತ್ಯಾಣುವ್ರತ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಸತ್ಯವು ಎರಡನೆಯದು. ಈ ವ್ರತವನ್ನು ನಾವು ಸಾಮಾನ್ಯವಾಗಿ ಆಡುವ ಮಾತಿಗೆ, ಬರೆದುಕೊಡುವ ಪತ್ರಕ್ಕೆ, ಅಂಗಡಿಯ ಲೆಕ್ಕಕ್ಕೆ ಅನ್ವಯಿಸಿಕೊಳ್ಳುತ್ತೇವೆ. ನಾವು ಕೇಳುವ ಮತ್ತು ನೋಡುವ ಕಥೆಗಳಿಗೂ ಅದು ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳುವುದು ಅಪರೂಪ. ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನ್ನನ್ನು ಈ ಪ್ರಶ್ನೆಯ ಎದುರು ನಿಲ್ಲಿಸಿತು.

2025ರ ಜೂನ್ ತಿಂಗಳು. ಮೊದಲು ಇಸ್ರೇಲ್, ಅನಂತರ ಅಮೆರಿಕ ಇರಾನಿನ ಮೇಲೆ ಬಾಂಬು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಕೇಸರಿ, ಪಿಸ್ತಾ, ಖರ್ಜೂರಗಳ ವ್ಯಾಪಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಆ ದೇಶದ ಹೆಸರು ಅಪರಿಚಿತವಲ್ಲ. ಜಗತ್ತಿನ ಕೇಸರಿಯಲ್ಲಿ ಬಹುಪಾಲು ಬೆಳೆಯುವುದು ಅಲ್ಲಿಯೇ. ‘ಪಾಪ, ಅಲ್ಲಿಯ ಜನ ಎಷ್ಟು ಭಯದಲ್ಲಿದ್ದಾರೋ’ ಎಂದು ನಾನು ಹೇಳಿದಾಗ, ಪಿಯುಸಿ ಓದುತ್ತಿದ್ದ ಮೊಮ್ಮಗ ತಲೆ ಎತ್ತದೆಯೇ ಹೇಳಿದ: ‘ಅವರು ಮೊದಲಿನಿಂದಲೂ ಕ್ರೂರಿಗಳೇ ಅಜ್ಜಾ. ನಾನು ಸಿನಿಮಾದಲ್ಲಿ ನೋಡಿದ್ದೇನೆ.’

ಯಾವ ಸಿನಿಮಾ ಎಂದು ಕೇಳಿದೆ. ‘300’ ಎಂದ. ಅವನೊಡನೆಯೇ ಕುಳಿತು ಆ ಚಿತ್ರವನ್ನು ಪೂರ್ತಿ ನೋಡಿದೆ. ಹುಡುಗನು ದುಷ್ಟನಲ್ಲ, ಇರುವೆಯನ್ನು ತುಳಿಯದಂತೆ ನಡೆಯುವುದನ್ನು ಚಿಕ್ಕಂದಿನಲ್ಲಿಯೇ ಕಲಿತವನು. ಅಂತಹವನ ಮನಸ್ಸಿನಲ್ಲಿ ಒಂದು ಇಡೀ ದೇಶದ ಜನರ ಮರಣಕ್ಕೆ ಮರುಗದಿರುವ ಭಾವವು ಎಲ್ಲಿಂದ ಬಂದಿತು? ಹಿಂದಿನ ಕಾಲದ ಯುದ್ಧಗಳನ್ನು ಕುರಿತ ಇಂತಹ ಚಿತ್ರಗಳು ಇಂದಿನ ರಾಷ್ಟ್ರಗಳ ವಿರುದ್ಧ ನಡೆಯುವ ರಾಜಕೀಯ ಪ್ರಚಾರಗಳೇ? ಹಾಗಿದ್ದರೆ ಆ ಪಾಪದಲ್ಲಿ ಯಾರ ಪಾಲು ಎಷ್ಟು? ಈ ಎರಡು ಪ್ರಶ್ನೆಗಳನ್ನು ನಮ್ಮ ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಿತ್ರ ಮತ್ತು ಅದರ ವಿವಾದ

ಕ್ರಿ.ಪೂ. 480ರಲ್ಲಿ ಪಾರಸಿಕ ಸಾಮ್ರಾಟ ಕ್ಸೆರ್ಕ್ಸಸನು ಗ್ರೀಸಿನ ಮೇಲೆ ದಂಡೆತ್ತಿ ಬಂದನು. ಥರ್ಮೋಪೈಲೆ ಎಂಬ ಇಕ್ಕಟ್ಟಾದ ಕಣಿವೆಯಲ್ಲಿ ಸ್ಪಾರ್ಟಾದ ಅರಸ ಲಿಯೋನಿಡಾಸನು ಅವನನ್ನು ತಡೆದು, ಕೊನೆಗೆ ತನ್ನ 300 ಯೋಧರೊಡನೆ ಮಡಿದನು. ಈ ಘಟನೆಯನ್ನು ಆಧರಿಸಿ ಅಮೆರಿಕದ ಫ್ರಾಂಕ್ ಮಿಲ್ಲರ್ ಎಂಬ ಚಿತ್ರಕಾರನು 1998ರಲ್ಲಿ ಒಂದು ಚಿತ್ರಕಥಾ ಪುಸ್ತಕವನ್ನು ಪ್ರಕಟಿಸಿದನು. ಅದನ್ನು ಝಾಕ್ ಸ್ನೈಡರ್ ಎಂಬ ನಿರ್ದೇಶಕನು ಚಲನಚಿತ್ರವಾಗಿಸಿದನು. 2007ರ ಮಾರ್ಚ್ 9ರಂದು ಅಮೆರಿಕದಲ್ಲಿ ಬಿಡುಗಡೆಯಾದ ಆ ಚಿತ್ರವು ಜಗತ್ತಿನಾದ್ಯಂತ ಸುಮಾರು 45 ಕೋಟಿ ಡಾಲರುಗಳನ್ನು ಗಳಿಸಿತು.

ಚಿತ್ರದಲ್ಲಿ ಸ್ಪಾರ್ಟಾದವರು ಸುಂದರರು, ಸ್ವಾತಂತ್ರ್ಯಪ್ರಿಯರು. ಪಾರಸಿಕರ ಸೈನ್ಯವಾದರೋ ವಿಕಾರ ರೂಪದವರಿಂದ, ಮುಖವಾಡ ತೊಟ್ಟವರಿಂದ, ಮನುಷ್ಯರೋ ಮೃಗಗಳೋ ಎಂದು ಹೇಳಲಾಗದವರಿಂದ ತುಂಬಿದೆ. ಪರ್ಸೆಪೊಲಿಸ್ ನಗರದ ಕಲ್ಲಿನ ಕೆತ್ತನೆಗಳಲ್ಲಿ ನಿಲುವಂಗಿ ತೊಟ್ಟು ಗಡ್ಡಧಾರಿಗಳಾಗಿ ಗಂಭೀರವಾಗಿ ಕಾಣುವ ಪಾರಸಿಕ ಅರಸರು ಇಲ್ಲಿಲ್ಲ. ಅವರ ಬದಲಿಗೆ ಮೈತುಂಬ ಆಭರಣ ಚುಚ್ಚಿಕೊಂಡ ಬೋಳುತಲೆಯ ದೈತ್ಯನೊಬ್ಬನಿದ್ದಾನೆ.

ಇರಾನಿನಲ್ಲಿ ಕೂಡಲೇ ಪ್ರತಿಭಟನೆ ಎದ್ದಿತು. ಆಗಿನ ಅಧ್ಯಕ್ಷರ ಕಲಾ ಸಲಹೆಗಾರರು ಇದನ್ನು ತಮ್ಮ ಸಂಸ್ಕೃತಿಯ ವಿರುದ್ಧ ನಡೆದ ಮಾನಸಿಕ ಯುದ್ಧವೆಂದು ಕರೆದರು. ಅಂದಿನ ಸರ್ಕಾರಕ್ಕೆ ಈ ಪ್ರತಿಭಟನೆಯಿಂದ ರಾಜಕೀಯ ಪ್ರಯೋಜನವೂ ಇದ್ದಿರಬಹುದು. ಆದರೆ ಆ ಸರ್ಕಾರವನ್ನು ಮೆಚ್ಚದೆ ಹೊರದೇಶಗಳಲ್ಲಿ ನೆಲೆಸಿದ್ದ ಇರಾನಿಯರೂ ನೊಂದುಕೊಂಡರೆಂಬುದನ್ನು ಮರೆಯಬಾರದು. ನಿರ್ಮಾಣ ಸಂಸ್ಥೆಯಾದ ವಾರ್ನರ್ ಬ್ರದರ್ಸ್, ಇದು ಕಲ್ಪಿತ ಕಥೆ, ಯಾವ ಜನಾಂಗವನ್ನೂ ಹೀಯಾಳಿಸುವ ಅಥವಾ ರಾಜಕೀಯ ಹೇಳಿಕೆ ನೀಡುವ ಉದ್ದೇಶ ತನಗಿಲ್ಲವೆಂದು ಉತ್ತರಿಸಿತು.

ಒಬ್ಬರು ‘ಇದು ಪ್ರಚಾರ’ ಎಂದರು. ಇನ್ನೊಬ್ಬರು ‘ಇದು ಬರಿಯ ಮನರಂಜನೆ’ ಎಂದರು. ಇಬ್ಬರೂ ‘ಇದೇ ಸರಿ’ ಎಂಬ ಏಕಾಂತದಲ್ಲಿ ನಿಂತರು. ಅನೇಕಾಂತವನ್ನು ನಂಬಿದ ನಾವು ಹೇಗೆ ನಿರ್ಣಯಿಸಬೇಕು?

ದ್ರವ್ಯ, ಕ್ಷೇತ್ರ, ಕಾಲ, ಭಾವ

ಯಾವ ವಸ್ತುವನ್ನಾದರೂ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಅಪೇಕ್ಷೆಗಳಿಂದ ನೋಡಬೇಕೆಂದು ನಮ್ಮ ಆಚಾರ್ಯರು ಕಲಿಸಿದ್ದಾರೆ. ಈ ಚಿತ್ರವನ್ನೂ ಹಾಗೆಯೇ ನೋಡೋಣ.

ಭಾವದ ಅಪೇಕ್ಷೆಯಿಂದ, ಎಂದರೆ ರಚಿಸಿದವರ ಉದ್ದೇಶದಿಂದ ನೋಡಿದರೆ, ಇದನ್ನು ಸರ್ಕಾರವೊಂದು ಮಾಡಿಸಿದ ಪ್ರಚಾರವೆನ್ನಲಾಗದು. ಮೂಲ ಪುಸ್ತಕವು 1998ರದು. 2007ರ ಅಣುವಿವಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಬರೆದಿರಲಾರರು. ಕಾಲದ ಅಪೇಕ್ಷೆಯಿಂದ ನೋಡಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಅಣು ಕಾರ್ಯಕ್ರಮದ ಕಾರಣದಿಂದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2006ರ ಡಿಸೆಂಬರಿನಲ್ಲಿ ಇರಾನಿನ ಮೇಲೆ ನಿರ್ಬಂಧಗಳನ್ನು ಹೇರಿತ್ತು; ಚಿತ್ರ ಬಿಡುಗಡೆಯಾದ ಹದಿನೈದೇ ದಿನಗಳಲ್ಲಿ ಅವನ್ನು ಬಿಗಿಗೊಳಿಸಿತು. ಯುದ್ಧದ ಮಾತುಗಳು ಗಾಳಿಯಲ್ಲಿದ್ದ ದಿನಗಳಲ್ಲಿ ಆ ದೇಶದ ಪೂರ್ವಜರು ವಿಕಾರ ಪ್ರಾಣಿಗಳಾಗಿ ಪರದೆಯ ಮೇಲೆ ಬಂದರು. ಕ್ಷೇತ್ರದ ಅಪೇಕ್ಷೆಯಿಂದ ನ್ಯೂಯಾರ್ಕಿನಲ್ಲಿ ಅದು ವಿನೋದ, ತೆಹರಾನಿನಲ್ಲಿ ಗಾಯ. ಹೀಗೆ ‘ಸ್ಯಾತ್’ ಎಂಬ ಪದವನ್ನು ಸೇರಿಸಿ ಹೇಳುವುದಾದರೆ, ಒಂದು ಅಪೇಕ್ಷೆಯಿಂದ ಇದು ಪ್ರಚಾರವಲ್ಲ, ಮತ್ತೊಂದು ಅಪೇಕ್ಷೆಯಿಂದ ಪ್ರಚಾರವೇ ಸರಿ.

ಕಾಲವೊಂದೇ ಚಿತ್ರದ ಅರ್ಥವನ್ನು ಹೇಗೆ ಬದಲಿಸಬಲ್ಲುದೆಂಬುದಕ್ಕೆ ರಷ್ಯಾದ ಒಂದು ಉದಾಹರಣೆಯಿದೆ. 1242ರಲ್ಲಿ ರಾಜಕುಮಾರ ಅಲೆಕ್ಸಾಂಡರ್ ನೆವ್ಸ್ಕಿಯು ಹೆಪ್ಪುಗಟ್ಟಿದ ಸರೋವರದ ಮೇಲೆ ಜರ್ಮನ್ ಧರ್ಮಯೋಧರನ್ನು ಸೋಲಿಸಿದನು. ಇದನ್ನು ಕುರಿತು ಪ್ರಸಿದ್ಧ ನಿರ್ದೇಶಕ ಐಸೆನ್‌ಸ್ಟೈನನು 1938ರಲ್ಲಿ, ಹಿಟ್ಲರನ ಜರ್ಮನಿಯ ಭೀತಿ ಹಬ್ಬಿದ್ದಾಗ, ಒಂದು ಚಿತ್ರ ತೆಗೆದನು. 1939ರ ಆಗಸ್ಟಿನಲ್ಲಿ ಸ್ಟಾಲಿನ್ ಮತ್ತು ಹಿಟ್ಲರರ ನಡುವೆ ಒಪ್ಪಂದವಾಯಿತು. ಕೂಡಲೇ ಆ ಚಿತ್ರದ ಪ್ರದರ್ಶನ ನಿಂತಿತು. 1941ರ ಜೂನಿನಲ್ಲಿ ಜರ್ಮನಿಯು ರಷ್ಯಾದ ಮೇಲೆ ಎರಗಿತು; ಕೂಡಲೇ ಅದೇ ಚಿತ್ರ ಮತ್ತೆ ಚಿತ್ರಮಂದಿರಗಳಿಗೆ ಬಂದಿತು. 1942ರಲ್ಲಿ ನೆವ್ಸ್ಕಿಯ ಹೆಸರಿನಲ್ಲಿ ಸೈನಿಕ ಪದಕವೊಂದನ್ನು ಸ್ಥಾಪಿಸಿದಾಗ ಅದರ ಮೇಲೆ ಕೆತ್ತಿದ್ದು ಆ ಪಾತ್ರವನ್ನು ವಹಿಸಿದ್ದ ನಟನ ಮುಖವನ್ನು. ಈ ವರ್ಷಗಳಲ್ಲಿ ಚಿತ್ರದ ಒಂದು ದೃಶ್ಯವೂ ಬದಲಾಗಿರಲಿಲ್ಲ. ಏಳು ಶತಮಾನಗಳ ಹಿಂದಿನ ಯುದ್ಧವು ಇಂದಿನ ಶತ್ರು ಯಾರೆಂಬುದಕ್ಕೆ ತಕ್ಕಂತೆ ಪೆಟ್ಟಿಗೆಯೊಳಗೆ ಹೋಯಿತು, ಹೊರಗೆ ಬಂದಿತು. ಆದ್ದರಿಂದ ‘ಅದು ಹಳೆಯ ಕಾಲದ ಕಥೆ’ ಎಂಬ ಸಮಾಧಾನವು ನಿಲ್ಲುವಂತಹುದಲ್ಲ.

ಬಿಟ್ಟುಹೋದ ನಮೂದು

ಇನ್ನು ದ್ರವ್ಯದ ಅಪೇಕ್ಷೆ, ಎಂದರೆ ಕಥೆಯ ಸತ್ಯಾಸತ್ಯತೆ. ವಾಣಿಜ್ಯವನ್ನು ಓದಿ ವ್ಯಾಪಾರ ಮಾಡಿದವನಾದ್ದರಿಂದ ನನಗೆ ತಿಳಿದ ಭಾಷೆಯಲ್ಲಿಯೇ ಹೇಳುತ್ತೇನೆ. ಕಿರ್ದಿಯಲ್ಲಿ ಬರೆದ ಪ್ರತಿಯೊಂದು ನಮೂದೂ ಸತ್ಯವಾಗಿದ್ದು, ಬರೆಯಬೇಕಾದ ಒಂದು ನಮೂದನ್ನು ಬಿಟ್ಟರೆ ಸಾಕು, ಇಡೀ ಲೆಕ್ಕ ಸುಳ್ಳಾಗುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯನ್ನು ಸೇರಿಸಿದ್ದಾರೆ. ವ್ಯಾಪಾರಿಗಳಾದ ನಾವು ಸುಳ್ಳು ಪತ್ರ, ಸುಳ್ಳು ಲೆಕ್ಕ ಎಂದು ಅದನ್ನು ಚೆನ್ನಾಗಿ ಬಲ್ಲೆವು.

ಆ ಚಿತ್ರದಲ್ಲಿ ಬಹು ಜನಪ್ರಿಯವಾದ ಒಂದು ದೃಶ್ಯವಿದೆ. ಶರಣಾಗಿರೆಂದು ಹೇಳಲು ಬಂದ ಪಾರಸಿಕ ದೂತನನ್ನು ಲಿಯೋನಿಡಾಸನು ಒದ್ದು ಆಳವಾದ ಬಾವಿಗೆ ಕೆಡವುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟುವ ದೃಶ್ಯವದು. ಇದಕ್ಕೆ ಆಧಾರವಿಲ್ಲದೆ ಇಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸನು, ಕ್ಸೆರ್ಕ್ಸಸನ ತಂದೆ ದಾರಯವಹುವಿನ ದೂತರನ್ನು ಸ್ಪಾರ್ಟಾದವರು ಬಾವಿಗೆ ತಳ್ಳಿದರೆಂದು ಬರೆದಿದ್ದಾನೆ. ಆದರೆ ಅವನು ಅಲ್ಲಿಗೇ ನಿಲ್ಲಿಸುವುದಿಲ್ಲ.

ದೂತಹತ್ಯೆಯ ಬಳಿಕ ಸ್ಪಾರ್ಟಾದವರಿಗೆ ಬಹುಕಾಲ ಶುಭಶಕುನಗಳೇ ದೊರೆಯಲಿಲ್ಲವಂತೆ. ತಾವು ಮಹಾಪರಾಧ ಮಾಡಿದೆವೆಂದು ಅವರಿಗೆ ಅರಿವಾಯಿತು. ನಾಡಿಗಾಗಿ ಪ್ರಾಣ ಕೊಡುವವರು ಯಾರಿದ್ದೀರಿ ಎಂದು ಸಭೆಯಲ್ಲಿ ಕೇಳಿದಾಗ, ಕುಲೀನರಾದ ಸ್ಪೆರ್ಥಿಯಸ್ ಮತ್ತು ಬೌಲಿಸ್ ಎಂಬಿಬ್ಬರು ಎದ್ದು ನಿಂತರು. ಕೊಲೆಯಾದ ದೂತರಿಗೆ ಪ್ರಾಯಶ್ಚಿತ್ತವಾಗಿ ತಮ್ಮನ್ನು ಕೊಲ್ಲಿರೆಂದು ಹೇಳಲು ಅವರು ಪಾರಸಿಕರ ರಾಜಧಾನಿ ಸೂಸಾಕ್ಕೆ ನಡೆದುಹೋದರು. ಅಷ್ಟರಲ್ಲಿ ಕ್ಸೆರ್ಕ್ಸಸನು ಪಟ್ಟಕ್ಕೆ ಬಂದಿದ್ದನು. ಅವನು ಅವರನ್ನು ಕೊಲ್ಲಲಿಲ್ಲ. ದೂತರನ್ನು ಕೊಂದು ಮನುಕುಲದ ನಿಯಮವನ್ನು ಸ್ಪಾರ್ಟಾದವರು ಮುರಿದರು, ಅವರಲ್ಲಿ ದೂಷಿಸಿದ ಕೃತ್ಯವನ್ನೇ ನಾನು ಮಾಡಲಾರೆ ಎಂಬ ಅರ್ಥದ ಮಾತನ್ನಾಡಿ ಅವರನ್ನು ಹಿಂದಕ್ಕೆ ಕಳುಹಿಸಿದನೆಂದು ಆ ಗ್ರೀಕ್ ಇತಿಹಾಸಕಾರನೇ ದಾಖಲಿಸಿದ್ದಾನೆ.

ಓದುಗರು ಒಂದು ಕ್ಷಣ ಯೋಚಿಸಬೇಕು. ಮೂಲದಲ್ಲಿ ಒಂದು ಪಾಪ, ಒಂದು ಪಶ್ಚಾತ್ತಾಪ, ಒಂದು ಪ್ರಾಯಶ್ಚಿತ್ತ, ಒಂದು ಕ್ಷಮೆ ಇವೆ. ಚಿತ್ರದಲ್ಲಿ ಉಳಿದುದು ಪಾಪವೊಂದೇ; ಅದೂ ಶೌರ್ಯವೆಂಬ ಹೆಸರಿನಲ್ಲಿ. ಕ್ಷಮಿಸಿದವನನ್ನು ದೈತ್ಯನನ್ನಾಗಿಸಲಾಗಿದೆ. ಹಾಗೆಂದು ಕ್ಸೆರ್ಕ್ಸಸನು ಸಾಧುಪುರುಷನಾಗಿದ್ದನೆಂದು ನಾನು ಹೇಳುತ್ತಿಲ್ಲ. ಅವನು ರಾಜ್ಯಲೋಭದಿಂದ ಪರನಾಡಿನ ಮೇಲೆ ದಂಡೆತ್ತಿ ಹೋದವನು. ಮಡಿದ ಲಿಯೋನಿಡಾಸನ ತಲೆಯನ್ನು ಕತ್ತರಿಸಲು ಆಜ್ಞಾಪಿಸಿದನೆಂದೂ ಅದೇ ಹೆರೊಡೋಟಸನು ಬರೆದಿದ್ದಾನೆ. ಎರಡು ನಮೂದುಗಳೂ ಖತಾವಣಿಯಲ್ಲಿ ಇರಬೇಕೆಂಬುದಷ್ಟೇ ನನ್ನ ವಾದ. ಹಾಗೆಯೇ ಸ್ಪಾರ್ಟಾದ ಸ್ವಾತಂತ್ರ್ಯವು ಹೆಲಟರೆಂಬ ಜೀತದಾಳುಗಳ ಬೆನ್ನಿನ ಮೇಲೆ ನಿಂತಿತ್ತೆಂಬುದೂ, ಕೊನೆಯ ದಿನ ಆ ಮುನ್ನೂರು ಮಂದಿಯೊಡನೆ ಥೆಸ್ಪಿಯಾ ಎಂಬ ಊರಿನ 700 ಜನರು ತಾವಾಗಿ ಉಳಿದು ಮಡಿದರೆಂಬುದೂ ಚಿತ್ರದ ಲೆಕ್ಕದಿಂದ ಬಿಟ್ಟುಹೋಗಿವೆ.

ಚಿತ್ರದ ಪರವಾಗಿ ಒಂದು ಸಮರ್ಥನೆಯಿದೆ. ಇಡೀ ಕಥೆಯನ್ನು ಹೇಳುವವನು ಯುದ್ಧದಿಂದ ಮರಳಿದ ಸ್ಪಾರ್ಟಾದ ಸೈನಿಕನೊಬ್ಬ. ಆದ್ದರಿಂದ ಅದು ಅವನ ದೃಷ್ಟಿಯ ಕಥೆ ಎಂಬುದು ಆ ಸಮರ್ಥನೆ. ನಯವಾದದ ಭಾಷೆಯಲ್ಲಿ ಹೇಳಿದರೆ ಇದು ಒಂದು ನಯ. ಆದರೆ ಆ ಸೈನಿಕನು ಕಥೆಯನ್ನು ಎಲ್ಲಿ ಹೇಳುತ್ತಾನೆ? ಮರುವರ್ಷದ ಪ್ಲೇಟಿಯಾ ಯುದ್ಧದ ಹೊಸ್ತಿಲಲ್ಲಿ, ಸೈನಿಕರನ್ನು ಹುರಿದುಂಬಿಸಲು. ಎಂದರೆ ತಾನು ಪ್ರಚಾರವೆಂದು ಚಿತ್ರವು ತನ್ನ ಬಾಯಿಂದಲೇ ಒಪ್ಪಿಕೊಂಡಂತಾಯಿತು. ಬೇರೆ ನಯಗಳನ್ನು ಅಲ್ಲಗಳೆಯುವ ನಯವು ದುರ್ನಯವಾಗುತ್ತದೆಂದು ನಮ್ಮ ತಾರ್ಕಿಕರು ಎಚ್ಚರಿಸಿದ್ದಾರೆ. ಮತ್ತೊಂದು ದೃಷ್ಟಿಗೆ ಎಡೆಯನ್ನೇ ಕೊಡದ ಈ ಕಥೆಯು ಅಂತಹ ದುರ್ನಯ.

ಕೃತ, ಕಾರಿತ, ಅನುಮೋದನ

ಇನ್ನು ಎರಡನೆಯ ಪ್ರಶ್ನೆ: ಪಾಪದಲ್ಲಿ ಯಾರ ಪಾಲು ಎಷ್ಟು? ತಾನು ಮಾಡುವುದು, ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು ಈ ಮೂರೂ ಆಸ್ರವಕ್ಕೆ ಕಾರಣಗಳೆಂಬುದು ನಮ್ಮಲ್ಲಿ ಮಕ್ಕಳಿಗೂ ತಿಳಿದ ವಿಷಯ. ಲೋಕದ ನ್ಯಾಯಾಲಯಗಳ ದೃಷ್ಟಿ ಇಷ್ಟು ದೂರ ಹೋಗುವುದಿಲ್ಲ. ಜರ್ಮನಿಯಲ್ಲಿ 1940ರಲ್ಲಿ ವೈಟ್ ಹಾರ್ಲಾನ್ ಎಂಬ ನಿರ್ದೇಶಕನು ಹದಿನೆಂಟನೆಯ ಶತಮಾನದ ಯಹೂದಿ ಅರ್ಥಾಧಿಕಾರಿಯೊಬ್ಬನನ್ನು ಕುರಿತು ‘ಯೂದ್ ಜೂಸ್’ ಎಂಬ ಐತಿಹಾಸಿಕ ಚಿತ್ರವನ್ನು ತೆಗೆದನು. ಅದು ನಾಝಿ ಸರ್ಕಾರವೇ ಮಾಡಿಸಿದ ಚಿತ್ರ. ಯಹೂದಿಯೆಂದರೆ ಕಪಟಿ, ಕಾಮುಕ ಎಂಬ ಭಾವವನ್ನು ಅದು ಸುಮಾರು 2 ಕೋಟಿ ಪ್ರೇಕ್ಷಕರ ಮನಸ್ಸಿನಲ್ಲಿ ಬಿತ್ತಿತು. ಪೊಲೀಸರೂ ವಿಶೇಷ ಪಡೆಯವರೂ ಅದನ್ನು ನೋಡಬೇಕೆಂದು ಹಿಮ್ಲರನು ಆಜ್ಞೆ ಹೊರಡಿಸಿದನು. ಅನಂತರ ನಡೆದ ಲಕ್ಷಾಂತರ ಯಹೂದಿಗಳ ಸಂಹಾರವನ್ನು ಲೋಕವೆಲ್ಲ ಬಲ್ಲದು. ಯುದ್ಧಾನಂತರ ಹಾರ್ಲಾನನ ವಿಚಾರಣೆ ನಡೆಯಿತು. ತಾನು ಬಲವಂತಕ್ಕೆ ಒಳಗಾಗಿ ಮಾಡಿದೆನೆಂದು ಅವನು ವಾದಿಸಿದನು. 1949ರಲ್ಲಿ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿತು.

ಕರ್ಮದ ಲೆಕ್ಕದಲ್ಲಿ ಇಂತಹ ಬಿಡುಗಡೆಯಿಲ್ಲ. ಚಿತ್ರ ತೆಗೆದವನದು ಕೃತ, ತೆಗೆಸಿದವರದು ಕಾರಿತ. ಚೀಟಿ ಕೊಂಡು ಕುಳಿತು ನೋಡಿ ಸಂತೋಷಪಟ್ಟವನದು ಅನುಮೋದನ. ‘300’ ಚಿತ್ರವನ್ನು ‘ಯೂದ್ ಜೂಸ್’ ಚಿತ್ರಕ್ಕೆ ಸಮನೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಒಂದರಲ್ಲಿ ಸರ್ಕಾರದ ಸಂಕಲ್ಪವಿದೆ, ಇನ್ನೊಂದರಲ್ಲಿ ಲಾಭದ ಲೋಭ ಮತ್ತು ಪ್ರಮಾದ ಇವೆ. ಆದರೆ ಪ್ರಮಾದವನ್ನೇ ಹಿಂಸೆಯ ಮೂಲವೆಂದು ಹೇಳಿದ ಧರ್ಮಕ್ಕೆ ಸೇರಿದ ನಾವು, ‘ಉದ್ದೇಶವಿರಲಿಲ್ಲ’ ಎಂಬ ಉತ್ತರದಿಂದ ಪೂರ್ಣ ತೃಪ್ತರಾಗಲಾರೆವು.

ಪ್ರೇಕ್ಷಕನ ವಿಷಯದಲ್ಲಿ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದುದು ಇಂದಿಗಾಗಿಯೇ ಹೇಳಿದಂತಿದೆ. ಪ್ರಯೋಜನವಿಲ್ಲದೆ ಮಾಡುವ ಪಾಪಗಳನ್ನು ಅವರು ಅನರ್ಥದಂಡವೆಂದು ಕರೆದು, ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆ ಮಾಡಿದ್ದಾರೆ. ದುಃಶ್ರುತಿಯೆಂದರೆ ಸಾಹಸ, ದ್ವೇಷ, ರಾಗ, ಮದ ಮೊದಲಾದವುಗಳಿಂದ ಚಿತ್ತವನ್ನು ಕಲಕುವ ಕಥೆಗಳನ್ನು ಕೇಳುವುದು. ಅಲ್ಲಿ ಸಾಹಸವೆಂಬ ಪದವೇ ಇದೆ! ನಾವಿಂದು ಸಾಹಸಚಿತ್ರವೆಂದು ಮೆಚ್ಚಿ ಹೇಳುವ ಪದಕ್ಕೆ ಶಾಸ್ತ್ರದಲ್ಲಿ ಅವಿವೇಕದ ಬಲಪ್ರಯೋಗವೆಂಬ ಅರ್ಥವಿತ್ತು. ದುಃಶ್ರುತಿಯ ಪಕ್ಕದಲ್ಲಿಯೇ ಅಪಧ್ಯಾನವಿದೆ: ದ್ವೇಷದಿಂದ ಇತರರ ವಧೆ, ಬಂಧನ, ಛೇದನಗಳನ್ನು ಮನಸ್ಸಿನಲ್ಲಿ ಬಯಸುವುದು. ನಿಧಾನಗತಿಯಲ್ಲಿ ಹಾರುವ ರುಂಡವನ್ನು ನೋಡಿ ಹರ್ಷಿಸುವ ಪ್ರೇಕ್ಷಕನು ಈ ಎರಡನ್ನೂ ಒಟ್ಟಿಗೆ ಮಾಡುತ್ತಾನೆ. ಹಿಂಸೆಯಲ್ಲಿ ಆನಂದಪಡುವ ಈ ಸ್ಥಿತಿಯೇ ರೌದ್ರಧ್ಯಾನದ ಮೊದಲ ಬಗೆಯಾದ ಹಿಂಸಾನಂದ.

ಎರಡು ಆಕ್ಷೇಪಗಳು

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಹಾಗಾದರೆ ಶೌರ್ಯದ ಕಥೆಗಳನ್ನೇ ಹೇಳಬಾರದೇ? ಹೇಳಬಾರದೆಂದು ನಮ್ಮ ಧರ್ಮವು ಎಂದೂ ಹೇಳಿಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯು ಸರ್ವಥಾ ತ್ಯಾಜ್ಯ. ತನ್ನ ನಾಡನ್ನು ರಕ್ಷಿಸುವ ವಿರೋಧೀ ಹಿಂಸೆಯಿಂದ ಅವನು ಪೂರ್ಣವಾಗಿ ತಪ್ಪಿಸಿಕೊಳ್ಳಲಾರ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು. ಹೊಯ್ಸಳರ ಗಂಗರಾಜನೂ ದಂಡನಾಯಕನೇ. ತನ್ನ ನಾಡನ್ನು ಕಾಯಲು ಕಣಿವೆಯಲ್ಲಿ ನಿಂತ ಲಿಯೋನಿಡಾಸನ ಧೈರ್ಯವನ್ನು ಮೆಚ್ಚುವುದರಲ್ಲಿ ದೋಷವಿಲ್ಲ. ಅವನ ಎದುರು ನಿಂತವನು ಮನುಷ್ಯನೇ ಅಲ್ಲವೆಂದು ನಂಬುವುದರಲ್ಲಿ ದೋಷವಿದೆ. ಪ್ರತಿಯೊಂದು ಜೀವದಲ್ಲಿಯೂ ಅನಂತಜ್ಞಾನದ ಶಕ್ತಿಯಿದೆಯೆಂದು ಒಪ್ಪಿದವನು ಒಂದು ಜನಾಂಗವನ್ನು ಮಾತ್ರ ಆ ಲೆಕ್ಕದಿಂದ ಹೊರಗಿಡಲಾರ.

ಎರಡನೆಯ ಆಕ್ಷೇಪ: ಶತ್ರುವನ್ನು ಕೆಟ್ಟವನೆಂದು ತೋರಿಸದೆ ಕಥೆಗೆ ರಸ ಬರುವುದೇ? ಬರುತ್ತದೆಂಬುದಕ್ಕೆ ಅದೇ ಗ್ರೀಸಿನಲ್ಲಿಯೇ ಸಾಕ್ಷಿಯಿದೆ. ಈಸ್ಕಿಲಸನು ಮ್ಯಾರಥಾನಿನಲ್ಲಿ ಪಾರಸಿಕರ ವಿರುದ್ಧ ಸ್ವತಃ ಕಾದಿದ ಕವಿ. ಕ್ರಿ.ಪೂ. 472ರಲ್ಲಿ, ಪಾರಸಿಕರು ಅಥೆನ್ಸ್ ನಗರವನ್ನು ಸುಟ್ಟು ಎಂಟೇ ವರ್ಷಗಳಾಗಿದ್ದಾಗ, ಅವನು ಅದೇ ನಗರದಲ್ಲಿ ಒಂದು ನಾಟಕವನ್ನು ಆಡಿಸಿದನು. ಅದು ನಡೆಯುವುದು ಸೂಸಾದಲ್ಲಿ, ಶತ್ರುವಿನ ಅರಮನೆಯಲ್ಲಿ. ಮಗನ ಸೋಲಿನ ಸುದ್ದಿಗಾಗಿ ಕಾಯುವ ತಾಯಿ, ಮಡಿದವರಿಗಾಗಿ ಗೋಳಿಡುವ ಮುದುಕರು ಅದರ ಪಾತ್ರಗಳು. ಗ್ರೀಕ್ ವೀರನೊಬ್ಬನ ಹೆಸರೂ ಅದರಲ್ಲಿಲ್ಲ. ಗೆದ್ದವರು ಕುಳಿತು ಸೋತವರ ಕಣ್ಣೀರನ್ನು ನೋಡಿದರು. ಬಿ.ಎಂ. ಶ್ರೀಕಂಠಯ್ಯನವರು ಈ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ನಮ್ಮ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂದು ರುದ್ರನಾಟಕವಾಗಿಸಿದವರೂ ಅವರೇ. ಜೈನಕವಿ ರನ್ನನು ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಹೊಗಳಿದನು; ಆ ಮಟ್ಟಿಗೆ ಅವನೂ ಆಸ್ಥಾನದ ಪ್ರಚಾರಕನೇ. ಆದರೂ ಕಾವ್ಯ ಮುಗಿದಾಗ ಓದುಗನ ಮನಸ್ಸು ಮರುಗುವುದು ದುರ್ಯೋಧನನಿಗಾಗಿ. ಒಡೆಯನ ಅನ್ನವನ್ನುಂಡೂ ಶತ್ರುವಿನ ಘನತೆಯನ್ನು ಕಳೆಯದಿರುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಪರಂಪರೆಯು ಈ ಪ್ರಶ್ನೆಯನ್ನು ಇನ್ನೂ ಹಿಂದೆಯೇ, ಇನ್ನೂ ನೇರವಾಗಿಯೇ ಎತ್ತಿದೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ಶ್ರೇಣಿಕ ಮಹಾರಾಜನು ಗೌತಮ ಗಣಧರರನ್ನು ಕೇಳುತ್ತಾನೆ: ರಾಕ್ಷಸರು ಮಾಂಸಭಕ್ಷಕರೆಂದೂ ಕುಂಭಕರ್ಣನು ಆರು ತಿಂಗಳು ಮಲಗುತ್ತಿದ್ದನೆಂದೂ ಲೋಕದಲ್ಲಿ ಹೇಳುವುದು ನಿಜವೇ? ಅದು ಕವಿಗಳ ಸುಳ್ಳೆಂದು ಗಣಧರರು ಉತ್ತರಿಸುತ್ತಾರೆ. ರಾವಣನು ವಿದ್ಯಾಧರ ವಂಶದ ಅರಸ. ಕೊರಳ ಹಾರದ ಮಣಿಗಳಲ್ಲಿ ಮುಖವು ಒಂಬತ್ತಾಗಿ ಪ್ರತಿಬಿಂಬಿಸಿದುದರಿಂದ ಅವನಿಗೆ ದಶಮುಖನೆಂಬ ಹೆಸರಾಯಿತು. ನಾಗಚಂದ್ರನು ಕನ್ನಡದಲ್ಲಿ ಇದೇ ದಾರಿಯಲ್ಲಿ ನಡೆದು, ಗುಣವಂತನೊಬ್ಬನು ಒಂದೇ ದೋಷದಿಂದ ಕೆಟ್ಟ ಬಗೆಯನ್ನು ತೋರಿಸಿದನು. ಯುದ್ಧದ ಕಥೆಯೊಂದರಲ್ಲಿ ಎದುರಾಳಿಯ ಜನಾಂಗವನ್ನು ವಿಕಾರ ಪ್ರಾಣಿಗಳೆಂದು ಹೇಳುವುದು ನಿಜವೇ ಎಂದು ಕೇಳುವುದು ಶ್ರಾವಕನ ಹಳೆಯ ಅಭ್ಯಾಸ. ಶ್ರೇಣಿಕನು ಕೇಳಿದ ಪ್ರಶ್ನೆಯನ್ನು ನನ್ನ ಮೊಮ್ಮಗನು ಕೇಳಲಿಲ್ಲ. ಕೇಳುವುದನ್ನು ನಾನು ಕಲಿಸಿರಲಿಲ್ಲ.

ನಮ್ಮ ತಕ್ಕಡಿ

ಪರರ ಚಿತ್ರಗಳನ್ನು ತೂಗಿದ ತಕ್ಕಡಿಯಲ್ಲಿಯೇ ನಮ್ಮವುಗಳನ್ನೂ ತೂಗಬೇಕು. 1761ರ ಮೂರನೆಯ ಪಾಣಿಪತ್ ಯುದ್ಧವನ್ನು ಕುರಿತು ನಮ್ಮ ದೇಶದಲ್ಲಿಯೇ 2019ರಲ್ಲಿ ‘ಪಾನಿಪತ್’ ಎಂಬ ಹಿಂದಿ ಚಿತ್ರ ಬಂದಿತು. ಅದರಲ್ಲಿ ಅಹಮದ್ ಶಾ ಅಬ್ದಾಲಿಯ ಚಿತ್ರಣವನ್ನು ಕುರಿತು ಅಫ್ಘಾನಿಸ್ತಾನದವರು ಕಳವಳ ವ್ಯಕ್ತಪಡಿಸಿದರು. ನಮಗೆ ಅವನು ಆಕ್ರಮಣಕಾರ; ಅವರಿಗೆ ರಾಷ್ಟ್ರವನ್ನು ಕಟ್ಟಿದ ಪಿತಾಮಹ. ಎರಡೂ ನಿಜ. ಇರಾನಿಯರ ನೋವು ನಮಗೆ ಅರ್ಥವಾಗಿ ಅಫ್ಘನ್ನರ ನೋವು ಅರ್ಥವಾಗದಿದ್ದರೆ ನಮ್ಮ ಅನೇಕಾಂತವು ಪರರಿಗೆ ಮಾತ್ರ ಹೇಳುವ ಉಪದೇಶವಾಗುತ್ತದೆ.

ಇನ್ನೂ ಹತ್ತಿರಕ್ಕೆ ಬರೋಣ. ನಮ್ಮ ಮಕ್ಕಳ ಶಿಬಿರಗಳಲ್ಲಿ, ಉತ್ಸವಗಳಲ್ಲಿ ಅಕಲಂಕ–ನಿಷ್ಕಲಂಕರ ನಾಟಕವನ್ನು ಆಡಿಸುವುದುಂಟು. ಬೌದ್ಧ ಮಠದಲ್ಲಿ ಗುಟ್ಟಾಗಿ ಓದುತ್ತಿದ್ದ ಸೋದರರು ಸಿಕ್ಕಿಬಿದ್ದು ಓಡಿಹೋಗುವುದು, ಅಣ್ಣನನ್ನು ಉಳಿಸಲು ತಮ್ಮನು ಪ್ರಾಣ ಕೊಡುವುದು ಯಾರ ಹೃದಯವನ್ನಾದರೂ ಕರಗಿಸುತ್ತದೆ. ಆದರೆ ಆ ನಾಟಕದಲ್ಲಿ ಬೌದ್ಧ ಭಿಕ್ಷುಗಳ ವೇಷ ತೊಟ್ಟ ಮಕ್ಕಳಿಗೆ ನಾವು ಯಾವ ಮುಖಭಾವವನ್ನು ಕಲಿಸುತ್ತೇವೆ? ಕೇಕೆ ಹಾಕಿ ನಗುವುದನ್ನು, ಕತ್ತಿ ಝಳಪಿಸುವುದನ್ನು. ಅಕಲಂಕ ದೇವರು ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಗ್ರಂಥಗಳನ್ನು ಆಳವಾಗಿ ಅಭ್ಯಾಸ ಮಾಡಿಯೇ ಖಂಡಿಸಿದರೆಂಬುದನ್ನೂ, ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ನ್ಯಾಯದಿಂದ ಮಂಡಿಸುವುದು ನಮ್ಮ ತಾರ್ಕಿಕರ ಕ್ರಮವೆಂಬುದನ್ನೂ ಆ ಮಕ್ಕಳಿಗೆ ಹೇಳುತ್ತೇವೆಯೇ? ಹೇಳದಿದ್ದರೆ ನಾವೂ ನಮ್ಮ ಸಣ್ಣ ವೇದಿಕೆಯ ಮೇಲೆ ಒಂದು ‘300’ ಚಿತ್ರವನ್ನೇ ತೆಗೆದಂತಾಯಿತು. ನಾಟಕವನ್ನು ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಬಿಟ್ಟುಹೋದ ನಮೂದನ್ನು ಸೇರಿಸಿರೆಂದು ಬಸದಿಗಳ ಟ್ರಸ್ಟುಗಳ ಹಿರಿಯರಲ್ಲಿ ವಿನಂತಿಸುತ್ತಿದ್ದೇನೆ.

ಚಿತ್ರಗಳನ್ನು ನಿಷೇಧಿಸುವುದರಲ್ಲಿಯೂ ನನಗೆ ನಂಬಿಕೆಯಿಲ್ಲ. ಬಾಗಿಲು ಹಾಕಿದ ಚಿತ್ರವು ಇಂದು ಕೈಯೊಳಗಿನ ಫೋನಿನಲ್ಲಿ ಬರುತ್ತದೆ. ಮನೆಯಲ್ಲಿ ಮಕ್ಕಳೊಡನೆ ಕುಳಿತು ನೋಡಿ, ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇದರಲ್ಲಿ ಶತ್ರುವಿಗೆ ತಾಯಿ ಇದ್ದಳೇ? ಅವನ ಒಂದಾದರೂ ಒಳ್ಳೆಯ ಗುಣವನ್ನು ತೋರಿಸಿದರೇ? ಅವನ ಇಂದಿನ ವಂಶಜನು ನಮ್ಮ ಪಕ್ಕದಲ್ಲಿ ಕುಳಿತಿದ್ದರೆ ನಾವು ಇಲ್ಲಿ ನಗುತ್ತಿದ್ದೆವೇ? ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ, ತೆಗೆದವನ ಉದ್ದೇಶ ಏನೇ ಇರಲಿ, ನೋಡಿದವನ ಪಾಲಿಗೆ ಅದು ಪ್ರಚಾರವಾಗಿ ಕೆಲಸ ಮಾಡಿದೆಯೆಂದೇ ತಿಳಿಯಬೇಕು.

ಆ ರಾತ್ರಿ ಮೊಮ್ಮಗನಿಗೆ ಸ್ಪಾರ್ಟಾದ ಇಬ್ಬರು ಪ್ರಾಯಶ್ಚಿತ್ತಾರ್ಥಿಗಳ ಕಥೆಯನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಇದು ಸಿನಿಮಾಕ್ಕಿಂತ ಚೆನ್ನಾಗಿದೆ ಅಜ್ಜಾ. ಇದನ್ನೇಕೆ ಅವರು ತೋರಿಸಲಿಲ್ಲ?’ ಎಂದು ಕೇಳಿದ. ವ್ಯಾಪಾರಿಯಾದ ನನಗೆ ತಿಳಿದ ಉತ್ತರವನ್ನೇ ಕೊಟ್ಟೆ: ದ್ವೇಷವು ಬೇಗ ಮಾರಾಟವಾಗುವ ಸರಕು, ಕೊಳ್ಳುವವರು ಇರುವವರೆಗೆ ಅದನ್ನು ತರಿಸುವವರೂ ಇರುತ್ತಾರೆ.

ಮರುದಿನ ಬಸದಿಯ ಅಭಿಷೇಕಕ್ಕೆ ಕೇಸರಿಯನ್ನು ಅವನ ಕೈಯಲ್ಲಿಯೇ ಕಳುಹಿಸಿದೆ. ಡಬ್ಬಿಯ ಮೇಲಿದ್ದ ದೇಶದ ಹೆಸರನ್ನು ಅವನು ಓದಿಕೊಂಡ. ನಾನು ಏನನ್ನೂ ಹೇಳಲಿಲ್ಲ. ಪ್ರತಿಕ್ರಮಣದಲ್ಲಿ ನಾವು ಎಲ್ಲ ಜೀವಗಳಲ್ಲಿಯೂ ಕ್ಷಮೆ ಕೇಳುತ್ತೇವೆ, ಎಲ್ಲ ಜೀವಗಳನ್ನೂ ಕ್ಷಮಿಸುತ್ತೇವೆ. ಆ ‘ಎಲ್ಲ’ ಎಂಬ ಪದದಿಂದ ಯಾವುದೊಂದು ದೇಶದ ಜನರೂ ನಮಗರಿಯದೆ ಹೊರಗುಳಿಯದಿರಲಿ.